ಬೆರಳಿಟ್ಟು ತೋರಿಸಬಹುದಾದ ನೋವು: ಓಡುವವರು ದಯವಿಟ್ಟು ಓದಿ

ಎಡಗಾಲಿನ ಕಣಕಾಲು, ಒಳಬದಿ, ಪಾದದ ಗಂಟಿನಿಂದ ಸುಮಾರು ಒಂದು ಗೇಣು ಮೇಲೆ. ಒಂದು ರೂಪಾಯಿ ನಾಣ್ಯ ಇಟ್ಟರೆ ಮುಚ್ಚಿಹೋಗುವಷ್ಟು ಜಾಗ. ಅಲ್ಲಿ ಒತ್ತಿದರೆ ಜೀವ ಬಾಯಿಗೆ ಬರುತ್ತಿತ್ತು. ಅದರ ಎರಡು ಇಂಚು ಮೇಲೆ, ಎರಡು ಇಂಚು ಕೆಳಗೆ ಏನೂ ಇಲ್ಲ. ಎಲುಬು ಬಿರುಕು ಬಿಡುತ್ತಿರುವುದರ ಈ ಗುರುತನ್ನು ಎರಡು ತಿಂಗಳು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಿಮ್ಮಲ್ಲಿ ಯಾರಾದರೂ ಮ್ಯಾರಥಾನ್‌ಗೆ ತಯಾರಾಗುತ್ತಿದ್ದರೆ, ಕಾಲಿನಲ್ಲಿ ಇಂಥದೊಂದು ಜಾಗ ಇದ್ದರೆ, ಇವತ್ತಿನ ಓಟ ಬಿಟ್ಟು ಇದನ್ನು ಓದಿ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವಳು, ಶಾಲೆಯಲ್ಲಿ ಟೀಚರ್. ಓಡಲು ಶುರು ಮಾಡಿ ನಾಲ್ಕು ವರ್ಷ. 21 ಕಿ.ಮೀ. ಎರಡು ಸಲ ಓಡಿದ್ದೆ. ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ಪೂರ್ತಿ 42.195 ಕಿ.ಮೀ. ಓಡಬೇಕು ಅಂತ ಹೆಸರು ಕೊಟ್ಟೆ. ನೇತ್ರಾವತಿ ಎಕ್ಸ್‌ಪ್ರೆಸ್‌ಗೆ ಟಿಕೆಟೂ ಆಯಿತು.

ನಮ್ಮ ಮಳೆ ನಿಮಗೆ ಗೊತ್ತಲ್ವಾ. ಜೂನ್, ಜುಲೈಯಲ್ಲಿ ಗುಡ್ಡೆಯ ದಾರಿಯೆಲ್ಲ ಪಾಚಿ ಹಿಡಿದು ಜಾರುತ್ತದೆ. ಓಟ ಅರ್ಧಕ್ಕರ್ಧ ತಪ್ಪಿತು. ಮಳೆ ಹಿಂದೆ ಸರಿದ ಕೂಡಲೇ ತಪ್ಪಿದ್ದನ್ನೆಲ್ಲ ತುಂಬಿಸುವ ಆತುರ ನನಗೆ. ವಾರಕ್ಕೆ 28 ಕಿ.ಮೀ. ಓಡುತ್ತಿದ್ದವಳು ಐದೇ ವಾರದಲ್ಲಿ 58ಕ್ಕೆ ಏರಿದೆ. ರಸ್ತೆಯೂ ಬದಲಾಯಿತು. ಮನೆ ಹತ್ತಿರದ ಕೆಮ್ಮಣ್ಣಿನ ದಾರಿ ಬಿಟ್ಟು ಕುಂಬಳೆ ರಸ್ತೆಯ ಡಾಮರಿಗೆ ಬಂದೆ. ಸೀತಾಂಗೋಳಿ ಕಡೆಯ ಇಳಿಜಾರಿನಲ್ಲಿ ವೇಗ ಹಿಡಿದು ಓಡುವುದು ಆಗ ಬಹಳ ಖುಷಿ ಕೊಡುತ್ತಿತ್ತು.

ಅಕ್ಟೋಬರ್ ಮೊದಲ ವಾರ, ಓಟದ ಕೊನೆಯಲ್ಲಿ ಸಣ್ಣಗೆ ನೋವು. ಮನೆಗೆ ಬಂದು ಸ್ನಾನ ಮಾಡಿದರೆ ಮಾಯ. ಎರಡು ವಾರ ಕಳೆದಾಗ ಮೂರನೇ ಕಿಲೋಮೀಟರಿನಲ್ಲೇ ಶುರು. ಆಮೇಲೆ ಶಾಲೆಯ ಮೆಟ್ಟಿಲು ಇಳಿಯುವಾಗ. ಕೊನೆಗೆ ರಾತ್ರಿ ಸುಮ್ನೆ ಮಲಗಿದಾಗಲೂ ಒಳಗಿನಿಂದ ಮಿಡಿಯುವ ನೋವು. ಈಗ ಬರೆಯುವಾಗ ಇದು ಎಷ್ಟು ಸ್ಪಷ್ಟ ಅನಿಸುತ್ತದೆ! ನೋವು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ನಾನು ಮಾತ್ರ ಜನವರಿಗೆ ಎಷ್ಟು ವಾರ ಉಳಿಯಿತು ಅಂತ ಎಣಿಸುತ್ತಿದ್ದೆ.

ಫೋನಿನಲ್ಲೇ ತರಬೇತಿ ಕೊಡುತ್ತಿದ್ದವರಿಗೆ ಹೇಳಿದೆ. "ಶಿನ್ ಸ್ಪ್ಲಿಂಟ್ಸ್, ಓಡುವವರಿಗೆಲ್ಲ ಮಾಮೂಲು, ಐಸ್ ಇಡಿ" ಅಂದರು. ಓಡಿ ಓಡಿ ಕಣಕಾಲಿನ ಎಲುಬಿನ ಉದ್ದಕ್ಕೆ ಬರುವ ನೋವಿಗೆ ಹಾಗೆ ಹೇಳುತ್ತಾರೆ. ಅವರು ಕಾಲು ನೋಡಲಿಲ್ಲ. ಎಲ್ಲಿ ನೋವು, ಎಷ್ಟು ಉದ್ದಕ್ಕೆ ನೋವು ಅಂತ ಕೇಳಲೂ ಇಲ್ಲ. ಆ ಎರಡು ಪ್ರಶ್ನೆ ಕೇಳಬೇಕಿತ್ತು. ಶಿನ್ ಸ್ಪ್ಲಿಂಟ್ಸ್ ನೋವು ಸಾಮಾನ್ಯವಾಗಿ ಎಲುಬಿನ ಒಳ ಅಂಚಿನಲ್ಲಿ ಒಂದಷ್ಟು ಉದ್ದಕ್ಕೆ ಹರಡಿರುತ್ತದೆ. ಶುರುವಿನಲ್ಲಿ ಮೈ ಬಿಸಿಯಾದ ಮೇಲೆ ಸ್ವಲ್ಪ ಸಡಿಲವೂ ಆಗುತ್ತದೆ. ಎಲುಬಿನಲ್ಲಿ ಬಿರುಕು ಬರುತ್ತಿದ್ದರೆ ನೋವು ಒಂದೇ ಕಡೆ ಇರುತ್ತದೆ, ಓಡಿದಷ್ಟೂ ಜಾಸ್ತಿಯಾಗುತ್ತದೆ.

ಮುಂದೆ ಪೇಟೆಯ ಒಂದು ಕ್ಲಿನಿಕ್. ಎಕ್ಸ್‌ರೇ ತೆಗೆದರು. "ಎಲುಬಿಗೆ ಏನೂ ಆಗಿಲ್ಲ" ಅಂದರು. ನನಗೆ ಅಷ್ಟೇ ಬೇಕಿತ್ತು. ಇಂಥ ಬಿರುಕು ಮೊದಲ ಕೆಲವು ವಾರ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ಎಂಆರ್‌ಐಯಲ್ಲಿ ಬೇಗ ಕಾಣುತ್ತದೆ ಅಂತ ಆ ದಿನ ಯಾರೂ ಹೇಳಲಿಲ್ಲ. ಒಂದು ಇಂಜೆಕ್ಷನ್, ಹತ್ತು ದಿನಕ್ಕೆ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ಕೊಟ್ಟರು. ಓಡಬಹುದಾ ಅಂತ ಕೇಳಿದೆ. "ನೋವಿಲ್ಲದಿದ್ದರೆ ಓಡಿ" ಅಂದರು. ಮಾತ್ರೆ ನುಂಗಿದರೆ ನೋವು ಎಲ್ಲಿರುತ್ತದೆ? ಹತ್ತು ದಿನ ಮುಗಿದ ಮೇಲೆ ನಾನೇ ಔಷಧಿ ಅಂಗಡಿಯಿಂದ ತಂದು ದೂರದ ಓಟಕ್ಕೆ ಮೊದಲು ನುಂಗಿದೆ. ನಮ್ಮ ಸೆಕೆಯಲ್ಲಿ ಬೆವರು ಹರಿದು ಮೈ ಒಣಗಿದಾಗ ಈ ಮಾತ್ರೆಗಳು ಕಿಡ್ನಿಗೂ ಕೆಟ್ಟದ್ದು. ಅದು ಗೊತ್ತಾದದ್ದು ಆಮೇಲೆ.

ನಡುವೆ ತೈಲ ಹಾಕಿ ಉಜ್ಜುವವರ ಹತ್ತಿರವೂ ಹೋದೆ. "ನರ ಹಿಡಿದಿದೆ" ಅಂತ ಸರಿಯಾಗಿ ಆ ಜಾಗವನ್ನೇ ಹೆಬ್ಬೆರಳಿನಿಂದ ಒತ್ತಿ ತಿಕ್ಕಿದರು. ಹಲ್ಲು ಕಚ್ಚಿ ಕೂತೆ. ಮೂರು ದಿನ ಹೋದೆ. ಸ್ನಾಯು ನೋವಿಗೆ ಎಣ್ಣೆ ಹಚ್ಚುವುದನ್ನು ನಾನು ಬೇಡ ಅನ್ನುವುದಿಲ್ಲ, ನಮ್ಮಜ್ಜಿಯ ಕಾಲದಿಂದ ಹಚ್ಚಿಕೊಂಡು ಬಂದವರು ನಾವು. ಆದರೆ ಎಲುಬಿನ ಮೇಲೆಯೇ ನೋವಿದ್ದರೆ ಯಾರಿಗೂ ಉಜ್ಜಲು ಕೊಡಬೇಡಿ.

ಮನೆಯಲ್ಲಿ ಅಮ್ಮ ಮಾತ್ರ ದಿನಾ ಹೇಳುತ್ತಿದ್ದರು: "ಕುಂಟಿಕೊಂಡು ಓಡುವುದು ಯಾವ ಓಟ ಮಾರಾಯ್ತಿ?"

ಡಿಸೆಂಬರ್ ಮೊದಲ ಭಾನುವಾರ 30 ಕಿ.ಮೀ. ಓಡಬೇಕಿತ್ತು. ಬೆಳಿಗ್ಗೆ ನಾಲ್ಕೂವರೆಗೆ ಮಾತ್ರೆ ನುಂಗಿ ಹೊರಟೆ. 20ರವರೆಗೆ ಎಲ್ಲ ಸರಿ ಇದೆ ಅನಿಸಿತು. 26ನೇ ಕಿಲೋಮೀಟರಿನಲ್ಲಿ ಕಾಲು ಊರಿದೆ, ಚುರ್ ಅಂತ ಏನೋ ಹರಿದ ಹಾಗಾಯಿತು. ಮತ್ತೆ ಊರಲು ಆಗಲಿಲ್ಲ. ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಕೂತೆ. ಹಾಲು ಕೊಂಡುಹೋಗುತ್ತಿದ್ದ ಆಟೋದವರು ಮನೆಗೆ ಬಿಟ್ಟರು.

ಮಂಗಳೂರಿನಲ್ಲಿ ಎಂಆರ್‌ಐ ಆಯಿತು.  ಟಿಬಿಯಾ, ಅಂದರೆ ಕಣಕಾಲಿನ ದೊಡ್ಡ ಎಲುಬಿನಲ್ಲಿ ಬಿರುಕಿನ ಗೆರೆ ನನಗೇ ಕಾಣುವಷ್ಟು ಸ್ಪಷ್ಟವಾಗಿತ್ತು.

ಅಲ್ಲಿನ ಡಾಕ್ಟರು ಸಮಾಧಾನದಿಂದ ವಿವರಿಸಿದರು. ಎಲುಬು ಸದಾ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತಿರುತ್ತದೆ. ಹೊಸ ಭಾರ ಬಿದ್ದಾಗ ಮೊದಲು ಸವೆದ ಭಾಗವನ್ನು ಕೆರೆದು ತೆಗೆಯುತ್ತದೆ. ಅದಕ್ಕೆ ಕೆಲವು ವಾರ ಸಾಕು. ಆ ಜಾಗವನ್ನು ಮತ್ತೆ ತುಂಬಿಸಲು ತಿಂಗಳುಗಳೇ ಬೇಕು. ಓಟ ಏರಿಸಿದ ಒಂದೆರಡು ತಿಂಗಳಲ್ಲಿ ಎಲುಬು ಮೊದಲಿಗಿಂತ ಬಲಹೀನ ಆಗಿರಬಹುದು. ಉಸಿರು, ಎದೆ ಬೇಗ ಗಟ್ಟಿಯಾಗುತ್ತವೆ. ಇನ್ನೂ ಓಡಬಲ್ಲೆ ಅನಿಸುವುದು ಅದಕ್ಕೇ.

ಆಮೇಲೆ ಯಾರೂ ಕೇಳದಿದ್ದ ಒಂದು ಪ್ರಶ್ನೆ ಕೇಳಿದರು. ಮುಟ್ಟು ಸರಿಯಾಗಿ ಆಗುತ್ತಿದೆಯಾ? ಮೂರು ತಿಂಗಳಿಂದ ಆಗಿರಲಿಲ್ಲ. ಓಟ ಜಾಸ್ತಿಯಾದರೆ ಹಾಗೇ ಇರಬೇಕು ಅಂದುಕೊಂಡಿದ್ದೆ. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ಓಡುವುದು, ರಾತ್ರಿ ಅನ್ನ ಬಿಟ್ಟು ಮುಳ್ಳುಸೌತೆ. 54 ಕೆಜಿ ಇದ್ದವಳು 48 ಆಗಿದ್ದೆ. ಎಲ್ಲರೂ ಚೆನ್ನಾಗಿ ಕಾಣುತ್ತೀ ಅಂದಿದ್ದರು. ಓಡುವಷ್ಟು ತಿನ್ನದಿದ್ದರೆ ಮುಟ್ಟು ನಿಲ್ಲುತ್ತದೆ, ಎಲುಬೂ ಸವೆಯುತ್ತದೆ. ಅಕ್ಕಂದಿರೇ, ತಂಗಿಯರೇ, ಈ ಒಂದು ಮಾತನ್ನು ಮಾತ್ರ ನಾಚಿಕೆ ಅಂತ ಮುಚ್ಚಿಡಬೇಡಿ. ವಿಟಮಿನ್ ಡಿ ಕೂಡ 14 ಇತ್ತು, 20ಕ್ಕಿಂತ ಕೆಳಗೆ ಹೋದರೆ ಕೊರತೆ ಅನ್ನುತ್ತಾರೆ. ಸೂರ್ಯ ಹುಟ್ಟುವ ಮೊದಲೇ ಓಡಿ, ಹಗಲಿಡೀ ಕ್ಲಾಸಿನೊಳಗೆ ಇರುವವಳಿಗೆ ಬಿಸಿಲು ಎಲ್ಲಿಂದ ಸಿಗಬೇಕು?

ಆರು ವಾರ ಊರುಗೋಲು. ಮುಂಬೈ ಟಿಕೆಟ್ ರದ್ದು. ಓಟದ ದಿನ ಟಿವಿ ಹಾಕಲಿಲ್ಲ. ನೋವು ಶುರುವಾದ ಅಕ್ಟೋಬರಿನಲ್ಲೇ ಓಟ ನಿಲ್ಲಿಸಿ ಸೈಕಲ್ ತುಳಿಯುತ್ತಾ, ಕೆರೆಯಲ್ಲಿ ಈಜುತ್ತಾ ಇದ್ದಿದ್ದರೆ ಬಹುಶಃ ಜನವರಿಗೆ ಹೊರಡಬಹುದಿತ್ತು ಅಂತ ಡಾಕ್ಟರು ಅಂದರು. ಆ ಮಾತು ಇನ್ನೂ ಚುಚ್ಚುತ್ತದೆ. ಈಗ ಶಾಲೆಯ ಮೈದಾನದಲ್ಲಿ ಎರಡು ನಿಮಿಷ ಓಟ, ಮೂರು ನಿಮಿಷ ನಡಿಗೆ. ರಾತ್ರಿ ಹೊಟ್ಟೆ ತುಂಬಾ ಅನ್ನ.

ಇದನ್ನೆಲ್ಲ ಈಗ ಬರೆಯಲು ಕಾರಣ ಇದೆ. ಉಪಜಿಲ್ಲಾ ಕ್ರೀಡಾಕೂಟಕ್ಕೆ ತಯಾರಾಗುತ್ತಿರುವ ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗಿ ಮೊನ್ನೆ ಕಾಲು ಉಜ್ಜಿಕೊಂಡು ಕೂತಿದ್ದಳು. ಎಲ್ಲಿ ನೋವು ಅಂತ ಕೇಳಿದೆ. ಒಂದು ಬೆರಳಿಟ್ಟು ತೋರಿಸಿದಳು. ಮೆಲ್ಲಗೆ ಒತ್ತಿದೆ, ಕಾಲು ಹಿಂದಕ್ಕೆ ಎಳೆದುಕೊಂಡಳು. ಪಟ್ಟಿಯಿಂದ ಅವಳ ಹೆಸರು ತೆಗೆಸಿದೆ. "ಟೀಚರೇ, ಇಷ್ಟು ಸಣ್ಣ ನೋವಿಗಾ?" ಅಂತ ಅತ್ತಳು, ಎರಡು ದಿನದಿಂದ ನನ್ನ ಹತ್ತಿರ ಮಾತಿಲ್ಲ. ಅವಳ ಅಮ್ಮನ ಹತ್ತಿರ ಮಾತಾಡಿದ್ದೇನೆ. ಶನಿವಾರ ಬೆಳಗಿನ ರೈಲಿಗೆ ಮೂವರೂ ಮಂಗಳೂರಿಗೆ ಹೋಗುತ್ತಿದ್ದೇವೆ.