ಹೃದಯದ ಚೀಟಿ ಅಂಟಿಸಿಕೊಂಡು ಬಂದ ಸ್ಲೈಡು

ಒಂಬತ್ತನೇ ತರಗತಿಯ ಅಂಗಾಂಶಗಳ ಪಾಠಕ್ಕೆಂದು ಈ ಸಲ ಆನ್‌ಲೈನಿನಲ್ಲಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡುವ 25 ಗಾಜಿನ ಸ್ಲೈಡುಗಳ ಪೆಟ್ಟಿಗೆ ತರಿಸಿದೆ. ಬೆಲೆ 1,150 ರೂಪಾಯಿ. ಅರ್ಧ ಶಾಲೆಯದು, ಅರ್ಧ ನನ್ನ ಜೇಬಿನದು. ಐದು ದಿನಕ್ಕೆ ಕೊಪ್ಪಳ ತಲುಪಿತು, ಒಂದು ಗಾಜೂ ಒಡೆದಿರಲಿಲ್ಲ. ಸಸ್ಯಗಳ ಸ್ಲೈಡು ಚೆನ್ನಾಗಿವೆ, ಅಷ್ಟೇ. ನಾನು ದುಡ್ಡು ಹಾಕಿದ್ದು ಸ್ನಾಯುವಿನ ಮೂರು ಸ್ಲೈಡಿಗಾಗಿ.

ನಮ್ಮಿಷ್ಟದಂತೆ ಕೈಕಾಲು ಆಡಿಸುವ ಪಟ್ಟೆಸಹಿತ ಸ್ನಾಯುವಿನದು ಬಂಗಾರದಂಥ ಸ್ಲೈಡು. ಒಂದೇ ಗಾಜಿನ ಮೇಲೆ ಉದ್ದ ಸೀಳಿಕೆ, ಅಡ್ಡ ಸೀಳಿಕೆ ಎರಡೂ ಇವೆ. ಉದ್ದದಲ್ಲಿ ನೋಡಿದರೆ ಕವಲಿಲ್ಲದ ಗುಲಾಬಿ ಎಳೆಗಳು. ಒಂದೊಂದು ಎಳೆಯೂ ಒಂದೊಂದು ಜೀವಕೋಶ, ಅದರ ಅಂಚಿಗೆ ಸಾಲಾಗಿ ನೇರಳೆ ಬಣ್ಣದ ಕೋಶಕೇಂದ್ರಗಳು. 400 ಪಟ್ಟು ಹಿಗ್ಗಿಸಿದರೆ ಅಡ್ಡ ಪಟ್ಟೆ ಕಾಣಬೇಕು. ಮೊದಲ ದಿನ ನನಗೆ ಒಂದೂ ಕಾಣದೆ ಮಾರಿದವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ತಪ್ಪು ನನ್ನದೇ. ನಮ್ಮದು ಕನ್ನಡಿ ಇರುವ ಹಳೇ ಸೂಕ್ಷ್ಮದರ್ಶಕ, ಕಿಟಕಿಯಿಂದ ನಮ್ಮೂರ ಬಿಸಿಲು! ಬೆಳಕು ಅತಿಯಾಗಿತ್ತು. ಕೆಳಗೆ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಕಿಂಡಿ, ಅಂದರೆ ಡಯಾಫ್ರಮ್, ಅರ್ಧಕ್ಕಿಂತ ಹೆಚ್ಚು ಮುಚ್ಚಿದ ಮೇಲೆ ಪಟ್ಟೆ ಎದ್ದು ಬಂದವು.

ಆ ಪಟ್ಟೆ ಬರುವುದು ಆಕ್ಟಿನ್, ಮಯೋಸಿನ್ ಎಂಬ ಎರಡು ಬಗೆಯ ಪ್ರೋಟೀನ್ ತಂತುಗಳು ಶಿಸ್ತಾಗಿ ಜೋಡಣೆಯಾಗಿರುವುದರಿಂದ. ಸ್ನಾಯು ಸಂಕುಚಿಸಿದಾಗ ಯಾವ ತಂತುವೂ ಗಿಡ್ಡವಾಗುವುದಿಲ್ಲ, ಒಂದರ ನಡುವೆ ಒಂದು ಸರಿಯುತ್ತದೆ. ಎರಡು ಹಣಿಗೆ ತಂದು ಹಲ್ಲಿನೊಳಗೆ ಹಲ್ಲು ತೂರಿಸಿ ತೋರಿಸಿದೆ. ಪಟ್ಟೆ ನೋಡಿ ಬಂದವರಿಗೆ ಅದು ತಟ್ಟನೆ ತಿಳಿಯಿತು.

ಅಡ್ಡ ಸೀಳಿಕೆ ನೋಡಿ ನನಗೇ ಖುಷಿಯಾಯಿತು. ದಾಳಿಂಬೆ ಒಡೆದಾಗ ಒತ್ತೊತ್ತಾಗಿ ಕೂತ ಕಾಳು, ಗುಂಪು ಗುಂಪಿನ ನಡುವೆ ತೆಳು ಪೊರೆ ಇರುತ್ತದಲ್ಲ, ಥೇಟ್ ಹಾಗೆ. ಕಾಳುಗಳು ಸ್ನಾಯುಕೋಶ, ಪೊರೆ ಕಟ್ಟುಗಳನ್ನು ಸುತ್ತಿದ ಸಂಯೋಜಕ ಅಂಗಾಂಶ. ದಾಳಿಂಬೆ ಬೆಳೆಯುವ ಕುಷ್ಟಗಿ ಕಡೆಯ ಹುಡುಗರಿಗೆ ಬೇರೆ ಹೋಲಿಕೆ ಬೇಕೇ?

ಪಟ್ಟೆರಹಿತ ಸ್ನಾಯುವಿನ ಸ್ಲೈಡು ಕರುಳಿನ ಗೋಡೆಯದು. ಒಂದೊಂದು ಕೋಶಕ್ಕೂ ಎರಡೂ ತುದಿ ಚೂಪು, ನಡುವೆ ಒಂದೇ ಕೋಶಕೇಂದ್ರ. ಭಾಗ್ಯನಗರದ ನೇಕಾರರ ಮನೆಯ ಹುಡುಗಿ ಕಣ್ಣಿಟ್ಟವಳೇ, “ಸರ್, ನಮ್ಮಪ್ಪನ ಲಾಳಿ ಇದ್ದಂಗ ಐತ್ರಿ” ಅಂದಳು. ಪಠ್ಯದ ‘ಕದಿರಿನಾಕಾರ’ಕ್ಕಿಂತ ಅದೇ ಚೆಂದ. ತಿಂದ ರೊಟ್ಟಿಯನ್ನು ಮುಂದಕ್ಕೆ ತಳ್ಳುವ ಈ ಲಾಳಿಗಳು ನಮ್ಮ ಮಾತಿಗೆ ಕಾಯುವುದಿಲ್ಲ.

ಎಡವಟ್ಟಾಗಿದ್ದು ಮೂರನೆಯದರಲ್ಲಿ. ಚೀಟಿ ಮೇಲೆ ‘ಹೃದಯ ಸ್ನಾಯು’ ಎಂದಿದೆ. ಹೃದಯದ ಕೋಶಗಳಿಗೆ ಪಟ್ಟೆ ಇರಬೇಕು, ಕವಲು ಇರಬೇಕು, ಕೋಶಕ್ಕೆ ಕೋಶ ಕೂಡುವಲ್ಲಿ ದಟ್ಟ ಅಡ್ಡಗೆರೆ ಇರಬೇಕು. ಇದರಲ್ಲಿ ಮೂರೂ ಇಲ್ಲ. “ಇದೂ ಲಾಳಿನ ಐತಲ್ರಿ ಸರ್” ಎಂದವಳು ಅದೇ ಹುಡುಗಿ. ಮಾರಾಟಗಾರರಿಗೆ ಫೋನ್ ಮಾಡಿದರೆ, “ಲೇಬಲ್ ಮೇಲೆ ಹೃದಯ ಅಂತಾನೇ ಇದೆಯಲ್ಲ ಸರ್?” ಎಂಬ ಉತ್ತರ! ಎರಡೂ ಸ್ಲೈಡಿನ ಫೋಟೋ ಅಕ್ಕಪಕ್ಕ ಇಟ್ಟು ವಾಟ್ಸ್ಆ್ಯಪ್ ಮಾಡಿದ ಮೇಲೆ ಒಪ್ಪಿದರು. ಎಂಟು ದಿನಕ್ಕೆ ಬೇರೆಯದು ಬಂತು, ದುಡ್ಡು ಕೇಳಲಿಲ್ಲ. ಅದರಲ್ಲಿ ಸೀಳಿಕೆ ಸ್ವಲ್ಪ ದಪ್ಪ, ಬಣ್ಣ ಮಂಕು. ಕವಲು ಸ್ಪಷ್ಟ, ಅಡ್ಡಗೆರೆ ಮಾತ್ರ ಹುಡುಕಿ ಹುಡುಕಿ ಒಂದೆರಡು ಕಡೆ ಸಿಕ್ಕಿತು.

ಐದಕ್ಕೆ ಮೂರೂವರೆ ಅಂಕ. ಮೂರು ಅಂಕ ಪಟ್ಟೆಸಹಿತ ಸ್ಲೈಡಿಗೇ ಹೋಯಿತು. ಕೊಳ್ಳುವ ಮೇಷ್ಟ್ರುಗಳು ಪೆಟ್ಟಿಗೆ ಬಂದ ದಿನವೇ ಪ್ರಾಣಿ ಅಂಗಾಂಶಗಳನ್ನೆಲ್ಲ ಒಮ್ಮೆ ನೋಡಿಬಿಡಿ, ವಾಪಸಾತಿ ಗಡುವು ಹತ್ತೇ ದಿನ. ಹಳೇ ಸ್ಲೈಡನ್ನು ಅವರು ವಾಪಸ್ ಕೇಳಲಿಲ್ಲ. ಚೀಟಿ ಕೀಳದೆ ಹಾಗೇ ಇಟ್ಟುಕೊಂಡಿದ್ದೇನೆ, ಮುಂದಿನ ಪ್ರಾಯೋಗಿಕ ಪರೀಕ್ಷೆಗೆ.