ಪರವೂರು ಸಿನಗಾಗ್ ರಿವ್ಯೂ: ಕೊಚ್ಚಿಗೆ ಹೋದ್ರೆ ಇಲ್ಲಿಗೂ ಹೋಗಿ, ಆದ್ರೆ ಇಲ್ಲಿಗೇ ಮೊದ್ಲು ಹೋಗಿ

ಕೊಚ್ಚಿ ಟ್ರಿಪ್ ಅಂದ್ರೆ ನಮ್ಮೋರದ್ದು ಒಂದೇ ರೂಟು, ಚೀನಾ ಬಲೆ ಮುಂದೆ ಫೋಟೋ, ಆಮೇಲೆ ಮಟ್ಟಾಂಚೇರಿ ಜ್ಯೂ ಟೌನ್, ಅಲ್ಲಿ ಪರದೇಸಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಳಗೆ ಹೋಗಿ ನೀಲಿ ಟೈಲ್ಸ್ ನೋಡೋದು, ಹೊರಗೆ ಬಂದು ಏಲಕ್ಕಿ ಮೆಣಸು ತಗೊಳೋದು, ಮುಗೀತು. ತಪ್ಪೇನಿಲ್ಲ ಬಿಡಿ, 1568ರ ಕಟ್ಟಡ, ಚೀನಾದಿಂದ ತರಿಸಿದ ಕೈಯಲ್ಲೇ ಬಣ್ಣ ಹಾಕಿರೋ ಟೈಲ್ಸು, ನೋಡೋಕೆ ಚೆನ್ನಾಗೇ ಇದೆ. ಆದ್ರೆ ಕೇರಳದ ಯಹೂದಿಗಳು ಅಂದ್ರೆ ಇಷ್ಟೇ ಅನ್ಕೊಂಡು ಬಸ್ ಹತ್ತಿಬಿಟ್ರೆ ಮುಖ್ಯವಾದ ಕಥೆನೇ ಮಿಸ್ ಆಗುತ್ತೆ. ಅದು ಇರೋದು ಎರ್ನಾಕುಲಂನಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ದೂರದ ಪರವೂರು ಅನ್ನೋ ಸಣ್ಣ ಸಿಟಿಲಿ. ಮಂಗಳೂರು ಕಡೆಯಿಂದ ಗಾಡಿಲಿ ಬರೋರಿಗಂತೂ ನಮ್ಮ ಅದೇ ಎನ್‌ಎಚ್ 66, ಕೊಚ್ಚಿಗೆ ಮುಂಚೆನೇ ಸಿಗುತ್ತೆ, ಸುಮ್ನೆ ದಾಟ್ಕೊಂಡು ಹೋಗ್ಬಿಡ್ತೀವಿ. ಮ್ಯಾಪಲ್ಲಿ ನಾರ್ತ್ ಪರವೂರ್ ಅಂತಾನೇ ಹಾಕಿ ಮತ್ತೆ, ಕೊಲ್ಲಂ ಹತ್ರ ಇನ್ನೊಂದು ಪರವೂರಿದೆ, ಅಲ್ಲಿಗೆ ಹೋದ್ರೆ ಸಮುದ್ರ ಬಿಟ್ಟು ಬೇರೇನೂ ಸಿಗಲ್ಲ.

ಊರು ಹೇಗಿದೆ ಅಂದ್ರೆ, ಮಾರ್ಕೆಟ್ಟು, ಕಾಲುವೆ, ಟ್ರಾಫಿಕ್, ಟೂರಿಸ್ಟ್ ಊರಿನ ಲಕ್ಷಣ ಏನೂ ಇಲ್ಲ. ದೇಶದಲ್ಲಿ ಮೊದಲ ಸಲ ಇವಿಎಂನಲ್ಲಿ ವೋಟ್ ಹಾಕಿದ್ದು 1982ರಲ್ಲಿ ಇದೇ ಪರವೂರಲ್ಲಿ, 50 ಬೂತಲ್ಲಿ, ಕ್ವಿಜ್ ಆಡೋರಿಗೆ ಗೊತ್ತಿರುತ್ತೆ. ಮಾರ್ಕೆಟ್ ಹತ್ರಾನೇ ಹಳೇ ಯಹೂದಿ ಬೀದಿ, ಅಲ್ಲೇ ಸಿನಗಾಗ್, ಈಗ ಮುಸಿರಿಸ್ ಹೆರಿಟೇಜ್ ಪ್ರಾಜೆಕ್ಟ್ ಕೆಳಗೆ ರಿಪೇರಿ ಆಗಿ ಮ್ಯೂಸಿಯಂ ಆಗಿದೆ. ಟಿಕೆಟ್ ಕಾಸು ಲೆಕ್ಕಕ್ಕಿಲ್ಲ. ಸೋಮವಾರ ರಜೆ, ಹೋಗೋ ಮುಂಚೆ ಒಂದ್ಸಲ ಟೈಮಿಂಗ್ ನೋಡ್ಕೊಂಡ್ಬಿಡಿ.

ಒಳಗೆ ಹೋಗೋ ದಾರಿಯೇ ಇಲ್ಲಿ ಅರ್ಧ ಮಜಾ. ಬೀದಿಗೆ ಕಾಣೋದು ಒಂದು ಎರಡಂತಸ್ತಿನ ಪಡಿಪ್ಪುರ, ಅಂದ್ರೆ ನಮ್ಮ ಕಡೆ ಹೆಬ್ಬಾಗಿಲ ಮನೆ ಥರ. ಅದನ್ನ ದಾಟಿದ್ರೆ ಎರಡೂ ಕಡೆ ದಪ್ಪ ದಪ್ಪ ಕಂಬ ಇರೋ ಒಂದು ಉದ್ದದ ಮುಚ್ಚಿದ ಹಾದಿ, ಆಮೇಲೆ ಅಝಾರ ಅನ್ನೋ ಮುಂಗೋಣೆ, ಅದಾದ್ಮೇಲೆ ಪ್ರಾರ್ಥನೆ ಹಾಲ್. ಹೊರಗಿನ ಹಾರ್ನ್ ಸೌಂಡ್ ಒಂದೊಂದೇ ಹೆಜ್ಜೆಗೆ ಕಮ್ಮಿ ಆಗ್ತಾ ಹೋಗುತ್ತೆ. ಮಟ್ಟಾಂಚೇರಿಲಿ ಬೀದಿ ತುದಿಲಿ ಬಾಗಿಲು ದಾಟಿದ್ರೆ ಟಿಕೆಟ್ ಕೌಂಟರ್, ಹಾಲ್, ಜನಜಂಗುಳಿ. ಇಲ್ಲಿ ಹಾಗಲ್ಲ, ದೇವಸ್ಥಾನದಲ್ಲಿ ಪೌಳಿ, ಪ್ರಾಂಗಣ ದಾಟಿ ಗರ್ಭಗುಡಿ ಹತ್ರ ಹೋಗ್ತೀವಲ್ಲ, ಕಟ್ಟಿದೋರು ಅದೇ ಊರಿನ ಆಚಾರಿಗಳು, ಹಂಗಾಗಿ ಅದೇ ಲೆಕ್ಕಾಚಾರ. ಚಪ್ಪಲಿ ಬಿಟ್ಟು ಒಳಗೆ ಹೋಗೋದೂ ಕೇರಳ ಯಹೂದಿಗಳ ಪದ್ಧತಿನೇ. ಸಿಂಹತ್ ತೋರಾ ಹಬ್ಬದ ದಿನ ತೋರಾ, ಅಂದ್ರೆ ಅವರ ಧರ್ಮಗ್ರಂಥದ ಸುರುಳಿ ಎತ್ಕೊಂಡು ಹಾಡ್ಕೊಂಡು ಸಿನಗಾಗ್ ಸುತ್ತ ಹೊರಗಡೆ ಪ್ರದಕ್ಷಿಣೆ ಹಾಕ್ತಿದ್ರು.

ಹಾಲ್ ಒಳಗೆ ಪಶ್ಚಿಮದ ಗೋಡೆಗೆ ಹೆಖಾಲ್, ತೋರಾ ಇಡೋ ಕೆತ್ತನೆ ಬೀರು, ಇಲ್ಲಿಂದ ಜೆರುಸಲೇಂ ಪಶ್ಚಿಮಕ್ಕಲ್ವಾ ಅದಕ್ಕೆ. ಮಧ್ಯದಲ್ಲಿ ತೇಬಾ, ಕಟಕಟೆ ಇರೋ ಓದೋ ಜಾಗ. ಇದು ಎಲ್ಲಾ ಸಿನಗಾಗಲ್ಲೂ ಇರುತ್ತೆ. ನೀವು ನೋಡ್ಬೇಕಾಗಿರೋದು ಮೇಲ್ಗಡೆ. ತಲೆ ಎತ್ತಿ ನೋಡಿದ್ರೆ ಬಾಲ್ಕನಿಲಿ ಎರಡನೇದು ಇನ್ನೊಂದು ತೇಬಾ ಇದೆ! ಕೇರಳದ ಸಿನಗಾಗ್‌ಗಳದ್ದೇ ವಿಶೇಷ ಇದು. ಶಬ್ಬಾತ್ (ವಾರದ ವಿಶ್ರಾಂತಿ ದಿನ, ಶನಿವಾರ), ಹಬ್ಬದ ದಿನ ತೋರಾ ಓದ್ತಿದ್ದಿದ್ದು ಆ ಮೇಲಿನ ತೇಬಾದಿಂದ. ಅದರ ಬೆನ್ನಿಗೇ ಜಾಲರಿ, ಜಾಲರಿ ಹಿಂದೆ ಹೆಂಗಸರು ಕೂರೋ ಜಾಗ, ಅವರಿಗೆ ಬೇರೆ ಮೆಟ್ಟಿಲು. ಅಂದ್ರೆ ಹೆಂಗಸರನ್ನ ದೂರ ಕೂರಿಸಿದ್ರು ಅನ್ಕೋತೀವಿ, ಆದ್ರೆ ಓದೋ ಹೊತ್ತಿಗೆ ಓದೋನಿಗೆ ಅತೀ ಹತ್ರ ಇದ್ದೋರು ಅವರೇ, ಗಂಡಸರು ಕೆಳಗಿಂದ ಕತ್ತೆತ್ತಿ ಕೇಳ್ಬೇಕು. ಮೇಲೆ ಹತ್ತೋಕೆ ಬಿಟ್ರೆ ಖಂಡಿತ ಹತ್ತಿ, ಆ ಜಾಲರಿ ಸಂದಿಯಿಂದ ಕೆಳಗಿನ ಹಾಲ್ ನೋಡಿ, ನಂಗೆ ಪೂರ್ತಿ ಜಾಗದಲ್ಲಿ ತುಂಬಾ ಇಷ್ಟ ಆಗಿದ್ದು ಅದೇ. ಈ ಹೆಂಗಸರು ಮಲಯಾಳಂನಲ್ಲೇ ನೂರಾರು ಹಾಡು ನೋಟ್‌ಬುಕ್‌ನಲ್ಲಿ ಬರ್ಕೊಂಡು, ಮದುವೆ ಮುಂಜಿಲಿ ಗಂಡಸರ ಮುಂದೇನೇ ಹಾಡ್ತಿದ್ರು, ಬೇರೆ ದೇಶದ ಸಂಪ್ರದಾಯಸ್ಥ ಯಹೂದಿಗಳಲ್ಲಿ ಹಿಂಗೆ ನಡೀತಿರಲಿಲ್ಲ.

ಒಂದು ವಿಷಯ ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಬೇಜಾರಾಗ್ಬೇಡಿ. ಈಗ ಅಲ್ಲಿರೋ ಹೆಖಾಲ್ ಒರಿಜಿನಲ್ ಅಲ್ಲ, ರೆಪ್ಲಿಕಾ. ಒರಿಜಿನಲ್ಲು ಜೆರುಸಲೇಂನ ಇಸ್ರೇಲ್ ಮ್ಯೂಸಿಯಂಗೆ ಹೋಗಿದೆ, ಅಲ್ಲಿ ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗ್‌ನ ಮರದ ಒಳಾಂಗಣ ಜೋಡಿಸಿ ಅದರ ಜೊತೆ ಇಟ್ಟಿದ್ದಾರೆ. ಕೆಲವರಿಗೆ ಇದು ದೊಡ್ಡ ಮೈನಸ್ಸು. ನಂಗೆ ಅನ್ಸಿದ್ದು, ಕಟ್ಟಿಸಿದೋರ ಮೊಮ್ಮಕ್ಕಳು ಮರಿಮಕ್ಕಳು ಇರೋ ದೇಶಕ್ಕೆ ಹೋಗಿದೆ, ಲಂಡನ್ನಿಗೇನೂ ಹೋಗಿಲ್ವಲ್ಲ, ಬಿಡಿ.

ಇತಿಹಾಸ ಸ್ವಲ್ಪ ತಿಳ್ಕೊಂಡು ಹೋದ್ರೆ ಒಳ್ಳೇದು, ಇಲ್ಲಾಂದ್ರೆ ಖಾಲಿ ಹಾಲ್ ನೋಡಿ ಹತ್ತೇ ನಿಮಿಷಕ್ಕೆ ಹೊರಗೆ ಬರ್ತೀರ. ಇಲ್ಲಿನ ಯಹೂದಿಗಳ ಮೂಲ ಊರು ಪಕ್ಕದ ಕೊಡುಂಗಲ್ಲೂರು, ಹಳೇ ಮುಸಿರಿಸ್ ಬಂದರಿನ ಸೀಮೆ, ಬಂದಿದ್ದೇ ಮೆಣಸಿನ ವ್ಯಾಪಾರಕ್ಕೆ. ಕ್ರಿ.ಶ. 1000ದ ಸುಮಾರಿಗೆ ಚೇರ ರಾಜ ಭಾಸ್ಕರ ರವಿವರ್ಮ ಜೋಸೆಫ್ ರಬ್ಬಾನ್ ಅನ್ನೋನಿಗೆ ತಾಮ್ರಪಟ ಬರ್ಕೊಟ್ಟು ತೆರಿಗೆ ಮಾಫಿ, ಪಲ್ಲಕ್ಕಿ, ಛತ್ರಿ ಅಂತ 72 ಹಕ್ಕು ಕೊಟ್ಟ, 2017ರಲ್ಲಿ ಮೋದಿ ಇಸ್ರೇಲಿಗೆ ಹೋದಾಗ ನೆತನ್ಯಾಹುಗೆ ಕೊಟ್ಟ ಉಡುಗೊರೆಲಿ ಇದರ ಪ್ರತಿಕೃತಿನೂ ಇತ್ತು. ನಮ್ಮ ಮಂಗಳೂರಲ್ಲೂ 12ನೇ ಶತಮಾನದಲ್ಲಿ ಬೆನ್ ಯಿಜು ಅನ್ನೋ ಟ್ಯುನೀಷಿಯಾ ಮೂಲದ ಯಹೂದಿ ವ್ಯಾಪಾರಿ ವರ್ಷಗಟ್ಲೆ ಇದ್ದ, ಹಿತ್ತಾಳೆ ಪಾತ್ರೆ ಕಾರ್ಖಾನೆ ಇಟ್ಟಿದ್ದ, ಅವನ ಪತ್ರಗಳು ಕೈರೋದಲ್ಲಿ ಸಿಕ್ಕಿವೆ, ಆದ್ರೆ ಅವನ ಹೆಸರಲ್ಲಿ ನೋಡೋಕೆ ಮಂಗಳೂರಲ್ಲಿ ಒಂದು ಕಲ್ಲೂ ಇಲ್ಲ.

ಪರವೂರಿನ ಈಗಿನ ಕಟ್ಟಡ 1616ರದ್ದು, ಡೇವಿಡ್ ಯಾಕೋಬ್ ಕಾಸ್ಟಿಯೆಲ್ ಮುದಲಿಯಾರ್ ಕಟ್ಟಿಸಿದ್ದು ಅಂತ ಹೀಬ್ರೂ ಶಾಸನ ಇದೆ. ಮುದಲಿಯಾರ್ ಅನ್ನೋದು ಯಹೂದಿ ಸಮುದಾಯದ ಮುಖ್ಯಸ್ಥನಿಗೆ ರಾಜರು ಕೊಡ್ತಿದ್ದ ಬಿರುದು. ಇನ್ನು ನಮ್ಮೋರಿಗೆ ಸ್ವಲ್ಪ ಮುಜುಗರ ಆಗೋ ಮಾತು, 1789-90ರಲ್ಲಿ ಟಿಪ್ಪು ಸೈನ್ಯ ತಿರುವಾಂಕೂರಿನ ಮೇಲೆ ಬಂದಾಗ ಈ ಕಟ್ಟಡಕ್ಕೂ ಪೆಟ್ಟು ಬಿತ್ತು ಅಂತ ಅಲ್ಲಿಯೋರು ಹೇಳ್ತಾರೆ. ಶ್ರೀರಂಗಪಟ್ಟಣದಿಂದ ಬಂದೋರು ಅಂತ ಹೇಳ್ಕೋಬೇಡಿ ಅಷ್ಟೇ.

ಮಟ್ಟಾಂಚೇರಿಲಿ ಅಷ್ಟಾಗಿ ಕಿವಿಗೆ ಬೀಳದ ಭಾಗ ಇನ್ನೊಂದಿದೆ. ಪರದೇಸಿಗಳು ಅಂದ್ರೆ ಸ್ಪೇನ್ ಪೋರ್ಚುಗಲ್ ಕಡೆಯಿಂದ, ಅರಬ್ ನಾಡಿಂದ ಆಮೇಲೆ ಬಂದೋರು, ಅವರು ಮೈನಾರಿಟಿ. ಮೊದ್ಲಿಂದ ಇದ್ದ ಮಲಬಾರಿಗಳೇ ಜಾಸ್ತಿ, ಪರವೂರಿನೋರು ಅವರು. ಒಟ್ಟು ಎಂಟು ಸಿನಗಾಗಲ್ಲಿ ಏಳು ಮಲಬಾರಿಗಳದ್ದು, ಒಂದೇ ಒಂದು ಪರದೇಸಿಗಳದ್ದು, ಫೇಮಸ್ ಆಗಿದ್ದು ಮಾತ್ರ ಆ ಒಂದೇ. ಪರದೇಸಿಗಳು ಮಲಬಾರಿಗಳನ್ನ ಕರಿಯರು, ತಮ್ಮನ್ನ ಬಿಳಿಯರು ಅಂತ ಕರ್ಕೊಂಡು ಮದುವೆ ಸಂಬಂಧ ಕೂಡ ಮಾಡ್ತಿರಲಿಲ್ಲ. ಪರದೇಸಿ ಸಿನಗಾಗಲ್ಲೇ ಬಿಡುಗಡೆಯಾದ ಗುಲಾಮರ ವಂಶದೋರು ಹಾಲಲ್ಲಿ ಕೂರೋ ಹಾಗಿರಲಿಲ್ಲ, ಹೊರಗಿನ ಕೋಣೆಲಿ ಕೂರ್ಬೇಕು. ಅದೇ ವಂಶದ ವಕೀಲ ಎ.ಬಿ. ಸೇಲಂ ಗಾಂಧಿ ಥರ ಸತ್ಯಾಗ್ರಹ ಮಾಡಿ ಅದನ್ನ ತಪ್ಪಿಸಿದ್ರು. ಜಾತಿ ನಮ್ಮನ್ನ ಬಿಟ್ರೂ ನಾವು ಜಾತಿ ಬಿಡಲ್ಲ ಅಂತಾರಲ್ಲ, ಇಲ್ಲಿಗೆ ಬಂದೋರಿಗೂ ಅಂಟ್ಕೊಂಡ್ಬಿಡುತ್ತೆ.

ಮತ್ತೆ ಎಲ್ರೂ ಎಲ್ಲಿ ಹೋದ್ರು? ಯಾರೂ ಓಡಿಸ್ಲಿಲ್ಲ, ಇದು ಮುಖ್ಯ. 1948ಕ್ಕೆ ಇಸ್ರೇಲ್ ಆಯ್ತು, ಇವರಿಗೆ ಅದು ಧಾರ್ಮಿಕ ಆಸೆ, ಹೊರಟ್ರು. ಆದ್ರೆ ಇವರಲ್ಲಿ ಆನೆಕಾಲು ರೋಗ ಇದೆ, ಹರಡಿಬಿಡುತ್ತೆ ಅಂತ ಅಲ್ಲಿನ ಅಧಿಕಾರಿಗಳು ತಡೆದ್ರು, ಕೊನೆಗೆ 1953-55ರಲ್ಲಿ ಊರಿಗೆ ಊರೇ ಹೋಯ್ತು. ತಲೆಮಾರುಗಟ್ಲೆ ವ್ಯಾಪಾರ ಮಾಡ್ಕೊಂಡಿದ್ದೋರನ್ನ ನೆಗೆವ್ ಮರುಭೂಮಿಯ ನೆವಾತಿಂ ಥರದ ಹಳ್ಳಿಗಳಲ್ಲಿ ಬೇಸಾಯಕ್ಕೆ ಹಾಕಿದ್ರು, ಹೆಂಗೋ ಹೂವು ಬೆಳೆಯೋದು ಕಲ್ತು ಮೇಲೆ ಬಂದ್ರು. ಇಲ್ಲಿ ಉಳಿದ ಕಟ್ಟಡಗಳು ಒಂದೊಂದು ದಿಕ್ಕು, ಮಾಳ ಅನ್ನೋ ಊರಿನದ್ದು ಪಂಚಾಯ್ತಿ ಕೈಗೆ, ಎರ್ನಾಕುಲಂ ಮಾರ್ಕೆಟ್‌ನ ಕಡವುಂಭಾಗಂ (ಮಟ್ಟಾಂಚೇರಿದಲ್ಲ, ಅದೇ ಹೆಸರಿನ ಇನ್ನೊಂದು) ಮುಂದೆ ಗಿಡ, ಅಕ್ವೇರಿಯಂ ಮೀನಿನ ಅಂಗಡಿ, ಅಂಗಡಿಯೋರೂ ಅದೇ ಸಮುದಾಯದೋರು, ಅವರು ನೋಡ್ಕೊಂಡಿದ್ದಕ್ಕೇ ಅದು ಉಳೀತು.

ಯಾರಿಗೆ ಬೇಡ ಅಂದ್ರೆ, ರೀಲ್ಸ್‌ಗೆ ಕಲರ್‌ಫುಲ್ ಜಾಗ ಹುಡುಕೋರಿಗೆ, ಓದೋಕೆ ಬೇಜಾರು ಪಡೋ ಮಕ್ಕಳಿಗೆ. ವಯಸ್ಸಾದೋರು ಕೆಳಗಿನ ಹಾಲ್ ಆರಾಮಾಗಿ ನೋಡ್ಬಹುದು, ಮೇಲಕ್ಕೆ ಮೆಟ್ಟಿಲಿದೆ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಊಟದ ಕಥೆ ಬೇರೆ, ನಾವು ಹೋದ ಹೋಟೆಲಲ್ಲಿ ವೆಜ್ ಮೀಲ್ಸ್ ಅಂತ ಹೇಳಿ ಮೀನಿನ ಸಾರಿನ ಸೌಟನ್ನೇ ಸಾಂಬಾರಿಗೂ ಹಾಕ್ತಿದ್ದ, ಸಸ್ಯಾಹಾರಿಗಳು ಕೇಳಿ ವಿಚಾರಿಸಿ ಕೂತ್ಕೊಳಿ.

ಅರ್ಧ ದಿನ ಟೈಮಿದ್ರೆ ಆಟೋ ಮಾಡ್ಕೊಂಡು ಪಕ್ಕದ ಚೇಂದಮಂಗಲಂಗೂ ಹೋಗಿ. ಅಲ್ಲಿ ಇನ್ನೊಂದು ಸಿನಗಾಗ್ ಇದೆ, ಇದಕ್ಕಿಂತ ಚಿಕ್ಕದು, ಮರದ ಕೆತ್ತನೆಗೆ ಬಣ್ಣ ಜಾಸ್ತಿ, ಮುಂದುಗಡೆ ಸಾರಾ ಅನ್ನೋ ಹೆಂಗಸಿನ 1269ರ ಸಮಾಧಿ ಕಲ್ಲು, ಭಾರತದಲ್ಲಿ ಸಿಕ್ಕಿರೋ ಅತಿ ಹಳೇ ಹೀಬ್ರೂ ಬರಹಗಳಲ್ಲಿ ಒಂದು. ಅದೇ ಊರಿನ ಕೈಮಗ್ಗದ ಮುಂಡು (ಪಂಚೆ), ಸೆಟ್ ಮುಂಡುಗೆ (ಎರಡು ತುಂಡಿನ ಸೀರೆ) ಜಿಐ ಟ್ಯಾಗ್ ಇದೆ, 2018ರ ಪ್ರವಾಹದಲ್ಲಿ ಮಗ್ಗಗಳೆಲ್ಲ ಮುಳುಗಿದ್ರೂ ನೇಕಾರರು ಮತ್ತೆ ಎದ್ದು ನಿಂತ್ರು. ತಗೊಳೋದಿದ್ರೆ ಕೊಚ್ಚಿ ಶೋರೂಮ್ ಬಿಟ್ಟು ಅಲ್ಲಿನ ನೇಕಾರರ ಸೊಸೈಟಿಲೇ ತಗೊಳಿ.