ಕಚೇರಿಗೆ ಸೈಕಲ್: ಗೇರಿನದೋ, ಬ್ಯಾಟರಿಯದೋ?

ಬೆಂಗಳೂರಿನಲ್ಲಿ ಕಚೇರಿಗೆ ಸೈಕಲ್ ತುಳಿಯಲು ಹಿಂಜರಿಯುವವರು ಮೊದಲು ಕೇಳುವುದೇ ಬೆವರಿನ ಬಗ್ಗೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನ ಬೆಳಗು ತಂಪಾಗಿಯೇ ಇರುತ್ತದೆ, ಬೆವರಿಳಿಸುವುದು ಏರುಗಳು. ಆದ್ದರಿಂದ ದೂರಕ್ಕಿಂತ ಮೊದಲು ದಾರಿಯ ಏರಿಳಿತ ನೋಡಿಕೊಳ್ಳಿ.

ಐದಾರು ಕಿಲೋಮೀಟರಿನ, ಹೆಚ್ಚು ಏರಿಲ್ಲದ ದಾರಿಗೆ ಗೇರ್ ಸೈಕಲ್ ಧಾರಾಳ ಸಾಕು. ಹಗುರವಾದ್ದರಿಂದ ಮೆಟ್ಟಿಲೇರಿಸಿ ಒಳಗಿಡಬಹುದು. ಪಂಕ್ಚರ್ ಆದರೆ ಬೀದಿಬದಿಯ ಅಂಗಡಿಯಲ್ಲೇ ಹಾಕಿಕೊಡುತ್ತಾರೆ. ಏರು ಶುರುವಾಗುವ ಮುನ್ನವೇ ಗೇರ್ ಇಳಿಸಿಕೊಳ್ಳಿ. ನಡು ಏರಿನಲ್ಲಿ ಪೆಡಲನ್ನು ಬಲವಾಗಿ ಒತ್ತುತ್ತಾ ಬದಲಿಸಿದರೆ ಚೈನ್ ಕರಕರ ಎನ್ನುತ್ತದೆ, ಕೆಲವೊಮ್ಮೆ ಕಳಚಿಯೇ ಬೀಳುತ್ತದೆ.

ಹತ್ತು ಕಿಲೋಮೀಟರ್ ದಾಟಿ, ನಡುವೆ ಮೇಲ್ಸೇತುವೆಗಳೂ ಇದ್ದರೆ ಬ್ಯಾಟರಿ ಸೈಕಲ್ಲೇ ಸರಿ. ತುಳಿದಂತೆಲ್ಲ ಹಿಂದಿನಿಂದ ಯಾರೋ ಮೆಲ್ಲಗೆ ನೂಕಿದಂತಾಗುತ್ತದೆ. ಅಂಗಿ ಒದ್ದೆಯಾಗದೆ ತಲುಪುತ್ತೀರಿ. ಮೋಟಾರು 250 ವ್ಯಾಟ್, ವೇಗ ಗಂಟೆಗೆ 25 ಕಿ.ಮೀ. ಮೀರದ, ಮಾನ್ಯತೆ ಪಡೆದ ಮಾದರಿಗೆ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಕಿಲ್ಲ. ಆದರೆ ಭಾರ ಹೆಚ್ಚು, ಬೆಲೆಯೂ ಹೆಚ್ಚು. ಮೇಲಿನ ಮಹಡಿಯಲ್ಲಿರುವವರು ಬ್ಯಾಟರಿ ಕಳಚಿ ಒಯ್ಯಬಹುದಾದದ್ದನ್ನೇ ಕೊಳ್ಳಬೇಕು.

ವಾಹನಗಳ ಭಯ ಎರಡರಲ್ಲೂ ಒಂದೇ. ಭಾನುವಾರ ಮುಂಜಾನೆ ಒಳರಸ್ತೆಗಳಲ್ಲಿ ಒಮ್ಮೆ ಕಚೇರಿಯವರೆಗೂ ಹೋಗಿಬನ್ನಿ. ಯಾವ ತಿರುವಿನಲ್ಲಿ ಇಳಿದು ತಳ್ಳಬೇಕು ಎಂಬುದು ತಿಳಿಯುತ್ತದೆ. ಮನೆಯಲ್ಲಿ ಹಳೆಯ ಸೈಕಲ್ ಇದ್ದರೆ ಬ್ರೇಕ್ ರಬ್ಬರ್ ಬದಲಿಸಿ ಒಂದು ತಿಂಗಳು ಅದನ್ನೇ ತುಳಿಯಿರಿ. ಹೊಸದನ್ನು ಆಮೇಲೆ ಆರಿಸಬಹುದು.